ಎಫ್‌ಎಸ್‌ಎಸ್ ರೇಡೋಮ್: ಯೂನಿಟ್ ಸೆಲ್‌ನಲ್ಲಿ 0.5 ಡಿಬಿ, ಪೂರ್ತಿ ರೇಡೋಮ್‌ನಲ್ಲಿ 2 ಡಿಬಿ. ಯಾವ ಲೆಕ್ಕ ನಂಬೋದು?

ಜಾಲಕೋಶ (ಪ್ರಶ್ನೆ)

10 ಗಿಗಾಹರ್ಟ್ಸ್ ಸುತ್ತ ಕೆಲಸ ಮಾಡುವ ಬ್ಯಾಂಡ್‌ಪಾಸ್ ಎಫ್‌ಎಸ್‌ಎಸ್ ರೇಡೋಮ್ ಇದು, ಅಂದರೆ ಬೇಕಾದ ಫ್ರೀಕ್ವೆನ್ಸಿಯನ್ನಷ್ಟೇ ದಾಟಿಸುವ ಲೋಹದ ಜಾಲ (ಫ್ರೀಕ್ವೆನ್ಸಿ ಸೆಲೆಕ್ಟಿವ್ ಸರ್ಫೇಸ್) ಇರುವ ಆಂಟೆನಾ ಹೊದಿಕೆ. ಬೇಕಿರುವ ಬ್ಯಾಂಡ್ 9.6ರಿಂದ 10.4 ಗಿಗಾಹರ್ಟ್ಸ್. ಆಕಾರ ಟ್ಯಾಂಜೆಂಟ್ ಓಜೈವ್ (ಕಮಾನಿನಂತೆ ಬಾಗಿದ ಚೂಪು ಮೂಗು), ಬುಡದ ವ್ಯಾಸ 200 ಮಿ.ಮೀ, ಉದ್ದ 500 ಮಿ.ಮೀ. ಒಳಗೆ ಬುಡದ ಮಟ್ಟದಲ್ಲಿ 150 ಮಿ.ಮೀ ವ್ಯಾಸದ ಚಪ್ಪಟೆ ಸ್ಲಾಟ್ ಅರೇ, ವರ್ಟಿಕಲ್ ಪೋಲರೈಸೇಷನ್.

ಗೋಡೆಯ ಪದರಗಳು: 0.8 ಮಿ.ಮೀ ಹೊರ ಸ್ಕಿನ್, ಎಫ್‌ಎಸ್‌ಎಸ್, 4.2 ಮಿ.ಮೀ ನಡುಪದರ, ಇನ್ನೊಂದು ಎಫ್‌ಎಸ್‌ಎಸ್, 0.8 ಮಿ.ಮೀ ಒಳ ಸ್ಕಿನ್. ಒಟ್ಟು 5.8 ಮಿ.ಮೀ. ಎಲ್ಲವೂ ಕ್ವಾರ್ಟ್ಜ್–ಸಯನೇಟ್ ಎಸ್ಟರ್ ಲ್ಯಾಮಿನೇಟ್, ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ 3.2 ಅಂತ ಹಿಡಿದಿದೆ. ಎಲಿಮೆಂಟ್ ಚೌಕ ಲೂಪ್ ಸ್ಲಾಟ್, ಸ್ಲಾಟ್ ಅಗಲ 0.3 ಮಿ.ಮೀ, ಪಿರಿಯಡ್ 8 ಮಿ.ಮೀ, ತಾಮ್ರ 18 ಮೈಕ್ರಾನ್.

ಯೂನಿಟ್ ಸೆಲ್ (ಜಾಲದ ಒಂದು ಮನೆಯನ್ನು ಅನಂತವಾಗಿ ಪುನರಾವರ್ತಿಸಿದಂತೆ ಹಿಡಿಯುವ) ಸಿಮ್ಯುಲೇಷನ್‌ನಲ್ಲಿ ಬ್ಯಾಂಡ್ ಮಧ್ಯದಲ್ಲಿ ಲಾಸ್ 0.5 ಡಿಬಿ. ಅದನ್ನೇ ರೇ ಟ್ರೇಸಿಂಗ್ ಕೋಡ್‌ಗೆ ಕೊಟ್ಟರೆ ಪೂರ್ತಿ ರೇಡೋಮ್‌ಗೆ 0.6 ಡಿಬಿ ಬರುತ್ತದೆ. ಆದರೆ ಚೇಂಬರ್ ಅಳತೆಯಲ್ಲಿ ಆಂಟೆನಾ ನೇರ ಮುಂದೆ ನೋಡುವಾಗ ಗೇನ್ 2.1 ಡಿಬಿ ಇಳಿದಿದೆ, ಬ್ಯಾಂಡ್ ಸುಮಾರು 150 ಮೆಗಾಹರ್ಟ್ಸ್ ಕೆಳಕ್ಕೆ ಸರಿದಿದೆ, 45 ಡಿಗ್ರಿ ಸಮತಲಗಳಲ್ಲಿ ಕ್ರಾಸ್-ಪೋಲ್ (ಬೇಡದ, ಅಡ್ಡ ಪೋಲರೈಸೇಷನ್) ಎದ್ದಿದೆ.

ಈ ವ್ಯತ್ಯಾಸ ಎಲ್ಲಿಂದ ಬಂತು? ಇಡೀ ರೇಡೋಮನ್ನು ಫುಲ್-ವೇವ್‌ನಲ್ಲೇ (ಅಲೆಯ ಸಮೀಕರಣಗಳನ್ನು ನೇರವಾಗಿ) ಬಿಡಿಸಬೇಕಾ, ಇಲ್ಲ ಸ್ಥಳೀಯ ಸಮತಲ ಅಂತ ಹಿಡಿದು ಮಾಡುವ ಲೆಕ್ಕವೇ ಸಾಕಾ?

ತರಂಗಮಿತ್ರ

ವಿಧಾನ ಬದಲಿಸುವ ಮೊದಲು ಒಂದು ಮಾತು ಕೇಳಬೇಕು: ಯೂನಿಟ್ ಸೆಲ್ ಅನ್ನು ಯಾವ ಕೋನದಲ್ಲಿ ಓಡಿಸಿದ್ದೀರಿ? 0.5 ಡಿಬಿ ಅನ್ನುವುದು ಲಂಬ ಪತನದ್ದಾದರೆ (ಅಲೆ ಗೋಡೆಗೆ ನೇರವಾಗಿ ಬಡಿಯುವ 0 ಡಿಗ್ರಿಯದ್ದಾದರೆ), ನಿಮ್ಮ ರೇಡೋಮ್ ಆ ಕೋನವನ್ನು ಕಾಣುವುದೇ ಇಲ್ಲ.

ಕಾಗದದ ಮೇಲೇ ಲೆಕ್ಕ ಹಾಕಬಹುದು. ಓಜೈವ್‌ನ ಕಮಾನಿನ ತ್ರಿಜ್ಯ = (ವ್ಯಾಸ² ÷ 4 + ಉದ್ದ²) ÷ ವ್ಯಾಸ. ಅಂದರೆ (10,000 + 2,50,000) ÷ 200 = 1300 ಮಿ.ಮೀ. ಗೋಡೆ ಅಕ್ಷದ ಜೊತೆ ಮಾಡುವ ಕೋನದ ಸೈನ್ = ಬುಡದಿಂದ ದೂರ ÷ 1300. ತುದಿಯಲ್ಲಿ 500 ÷ 1300, ಅಂದರೆ 22.6 ಡಿಗ್ರಿ. ಅಕ್ಷಕ್ಕೆ ಸಮಾನಾಂತರವಾಗಿ ಹೊರಟ ಕಿರಣ ಅಲ್ಲಿ 67.4 ಡಿಗ್ರಿಯಲ್ಲಿ ಬಡಿಯುತ್ತದೆ. ಆಂಟೆನಾದ ಅಂಚಿನಿಂದ, ಅಂದರೆ 75 ಮಿ.ಮೀ ತ್ರಿಜ್ಯದಿಂದ ಹೊರಟ ಕಿರಣ ಬುಡದಿಂದ 254 ಮಿ.ಮೀ ಮುಂದೆ ಗೋಡೆಗೆ ತಾಗುತ್ತದೆ. ಅಲ್ಲಿ ಗೋಡೆಯ ಕೋನ 11.3 ಡಿಗ್ರಿ, ಪತನ ಕೋನ 78.7. ನಡುವೆ 50 ಮಿ.ಮೀ ತ್ರಿಜ್ಯದ ಕಿರಣಕ್ಕೆ 74. ಒಟ್ಟಿನಲ್ಲಿ ನೇರ ಮುಂದೆ ನೋಡುವಾಗ ಇಡೀ ಆಂಟೆನಾ 67ರಿಂದ 79 ಡಿಗ್ರಿ ನಡುವೆಯೇ ಕೆಲಸ ಮಾಡುತ್ತದೆ. ಆಂಟೆನಾವನ್ನು 30 ಡಿಗ್ರಿ ತಿರುಗಿಸಿದರೆ ಕೋನ ಕಡಿಮೆಯಾಗಿ 40–60ರ ಆಸುಪಾಸಿಗೆ ಬರುತ್ತದೆ. ಚೂಪು ರೇಡೋಮ್‌ನಲ್ಲಿ ಕಷ್ಟದ ದಿಕ್ಕು ನೇರ ಮುಂದಿನದ್ದೇ.

75 ಡಿಗ್ರಿಯಲ್ಲಿ ಏನಾಗುತ್ತದೆ ನೋಡಿ. ಗಾಳಿಯಲ್ಲಿ ಟಿಇ ಅಲೆಯ (ಇ-ಫೀಲ್ಡ್ ಪತನ ಸಮತಲಕ್ಕೆ ಲಂಬವಾಗಿರುವುದು) ಇಂಪಿಡೆನ್ಸ್ 377 ÷ ಕಾಸ್ 75 = 1456 ಓಮ್. ಟಿಎಂ ಅಲೆಯದ್ದು (ಇ-ಫೀಲ್ಡ್ ಆ ಸಮತಲದೊಳಗೇ ಇರುವುದು) 377 × ಕಾಸ್ 75 = 98 ಓಮ್. ಹದಿನೈದು ಪಟ್ಟು ಅಂತರ. ಸ್ಲಾಟ್ ಎಫ್‌ಎಸ್‌ಎಸ್ ಅಂದರೆ ಲೈನಿಗೆ ಅಡ್ಡಲಾಗಿ ಕೂತ ಪ್ಯಾರಲಲ್ ಎಲ್‌ಸಿ. ಅದರ ಲೋಡೆಡ್ ಕ್ಯೂ (ರೆಸೊನೆನ್ಸ್ ಎಷ್ಟು ಚೂಪು ಅನ್ನುವ ಅಳತೆ) ಅಲೆಯ ಇಂಪಿಡೆನ್ಸ್‌ಗೆ ನೇರ ಅನುಪಾತದಲ್ಲಿ ಏರುತ್ತದೆ, ಹಾಗಾಗಿ ಟಿಇಗೆ ಬ್ಯಾಂಡ್ ಕಿರಿದಾಗುತ್ತದೆ, ಟಿಎಂಗೆ ಅಗಲವಾಗುತ್ತದೆ. ಲಾಸ್ ಕೂಡ ಅದೇ ದಾರಿ ಹಿಡಿಯುತ್ತದೆ. ಗಾಳಿಯಲ್ಲಿರುವ ಒಂದೇ ಪದರ ಅಂತ ಒರಟಾಗಿ ಹಿಡಿದರೆ, ಲಂಬದಲ್ಲಿ 0.5 ಡಿಬಿ ಲಾಸ್ ಕೊಡುವ ಪದರ 75 ಡಿಗ್ರಿ ಟಿಇಗೆ 1.8 ಡಿಬಿ, ಟಿಎಂಗೆ 0.13 ಡಿಬಿ ಕೊಡುತ್ತದೆ.

ನಿಮ್ಮಲ್ಲಿ ಸುತ್ತ ಡೈಎಲೆಕ್ಟ್ರಿಕ್ ಇದೆ, ಅದೊಂದು ಒಳ್ಳೆಯ ವಿಷಯ. 3.2ರ ಲ್ಯಾಮಿನೇಟ್ ಒಳಗೆ 75 ಡಿಗ್ರಿ ಅಲೆ 32.7 ಡಿಗ್ರಿಗೆ ಬಾಗುತ್ತದೆ, ಎಫ್‌ಎಸ್‌ಎಸ್ ಕಾಣುವ ಕೋನ ಅದು. ಆದರೆ 0.8 ಮಿ.ಮೀ ಸ್ಕಿನ್ ತೀರಾ ತೆಳು. ಪದರಗಳ ದಪ್ಪವನ್ನು 0 ಡಿಗ್ರಿಗೆ ಹೊಂದಿಸಿದ್ದರೆ 75ಕ್ಕೆ ಅದು ಹೊಂದುವುದಿಲ್ಲ. ಬರೀ ಲ್ಯಾಮಿನೇಟ್‌ನ ಅರ್ಧ-ಅಲೆ ದಪ್ಪವನ್ನೇ ನೋಡಿ: ಲಂಬಕ್ಕೆ 8.4 ಮಿ.ಮೀ, 75 ಡಿಗ್ರಿಗೆ 10 ಮಿ.ಮೀ.

ಯೂನಿಟ್ ಸೆಲ್ ಅನ್ನು 35ರಿಂದ 80 ಡಿಗ್ರಿವರೆಗೆ ಟಿಇ, ಟಿಎಂ ಎರಡಕ್ಕೂ ಓಡಿಸಿ, ಫೇಸ್ ಸಮೇತ ಇಲ್ಲಿ ಹಾಕಿ. ಮೆಶ್ ಅಡಾಪ್ಟೇಷನ್ (ಸಾಲ್ವರ್ ತಾನೇ ಮೆಶ್ ಅನ್ನು ಸಣ್ಣಗೆ ಮಾಡುತ್ತ ಹೋಗುವುದು) ಅನ್ನು 75 ಡಿಗ್ರಿಯಲ್ಲೇ ಮಾಡಿಸಿ. 0 ಡಿಗ್ರಿಯಲ್ಲಿ ಹದಗೊಂಡ ಮೆಶ್ ಅನ್ನು ಹಾಗೇ 75ಕ್ಕೆ ಬಳಸಿದರೆ ಟಿಇ ರೆಸೊನೆನ್ಸ್ ಸುಳ್ಳು ಜಾಗದಲ್ಲಿ ಕಾಣಿಸುತ್ತದೆ. 0.3 ಮಿ.ಮೀ ಸ್ಲಾಟ್‌ನ ಅಗಲಕ್ಕೆ ಕನಿಷ್ಠ 3 ಎಲಿಮೆಂಟ್ ಇರಲಿ.

ಜಾಲಕೋಶ

ಹೌದು, 0.5 ಡಿಬಿ ಲಂಬ ಪತನದ್ದೇ. ಮತ್ತೆ ಓಡಿಸಿದ್ದಾಯಿತು. 75 ಡಿಗ್ರಿ, 10 ಗಿಗಾಹರ್ಟ್ಸ್‌ನಲ್ಲಿ ಟಿಇ 1.6 ಡಿಬಿ, ಟಿಎಂ 0.3 ಡಿಬಿ. ಇವೆರಡರ ಸರಾಸರಿ 1 ಡಿಬಿ ಆಸುಪಾಸು, 2.1 ಇನ್ನೂ ದೂರ. ಟಿಇ–ಟಿಎಂ ಫೇಸ್ ವ್ಯತ್ಯಾಸ 58 ಡಿಗ್ರಿ ಬಂದಿದೆ. ಒಂದು ವಿಚಿತ್ರ: 0 ಡಿಗ್ರಿಯಲ್ಲೂ ಟಿಇ, ಟಿಎಂ ನಡುವೆ 180 ಡಿಗ್ರಿ ಅಂತರ ತೋರಿಸುತ್ತಿತ್ತು. ಅದನ್ನು ಕಳೆದ ಮೇಲಿನ ಸಂಖ್ಯೆ ಈ 58.

ತರಂಗಮಿತ್ರ

ಉತ್ತರ ಆ 58 ಡಿಗ್ರಿಯಲ್ಲೇ ಇದೆ. ಡಿಬಿಗಳ ಸರಾಸರಿ ತೆಗೆಯಬೇಡಿ, ಫೀಲ್ಡ್‌ಗಳನ್ನು ಫೇಸ್ ಸಮೇತ ಕೂಡಿಸಿ.

ವರ್ಟಿಕಲ್ ಪೋಲರೈಸೇಷನ್‌ನ ಅಲೆ ರೇಡೋಮ್‌ನ ಮೇಲ್ಭಾಗ ಮತ್ತು ಕೆಳಭಾಗದ ಗೋಡೆಗೆ ಟಿಎಂ ಆಗಿ ಬಡಿಯುತ್ತದೆ, ಎಡಬಲದ ಗೋಡೆಗೆ ಟಿಇ ಆಗಿ. ನಡುವಿನ ಜಾಗಗಳಲ್ಲಿ ಎರಡರ ಮಿಶ್ರಣ. ಸುತ್ತಲೂ ಸರಾಸರಿ ತೆಗೆದರೆ ಅಕ್ಷದ ಮೇಲಿನ ಕೋ-ಪೋಲ್ (ಬೇಕಿರುವ ಪೋಲರೈಸೇಷನ್‌ನ) ಫೀಲ್ಡ್ = (ಟಿಇ + ಟಿಎಂ) ÷ 2, ಎರಡೂ ಕಾಂಪ್ಲೆಕ್ಸ್ ಸಂಖ್ಯೆಗಳು. ನಿಮ್ಮ ಅಂಕಿಗಳು 0.832 ಮತ್ತು 0.966. ಫೇಸ್ ಒಂದೇ ಆಗಿದ್ದರೆ ಮೊತ್ತದ ಅರ್ಧ 0.899, ಅಂದರೆ 0.92 ಡಿಬಿ ಲಾಸ್. 58 ಡಿಗ್ರಿ ಅಂತರದಲ್ಲಿ ಕೂಡಿಸಿದರೆ 0.787, ಅಂದರೆ 2.08 ಡಿಬಿ. ಚೇಂಬರ್‌ನ 2.1 ಅದೇ.

ನಿಮ್ಮ ಲಾಸ್‌ನ ಅರ್ಧಕ್ಕಿಂತ ಹೆಚ್ಚು ಪಾಲು ಶಾಖವೂ ಅಲ್ಲ, ಪ್ರತಿಫಲನವೂ ಅಲ್ಲ, ಪೋಲರೈಸೇಷನ್ ತಿರುಚಿಹೋಗಿರುವುದು. ಕ್ರಾಸ್-ಪೋಲ್ ಫೀಲ್ಡ್ (ಟಿಎಂ − ಟಿಇ) ÷ 2ಕ್ಕೆ, ಜೊತೆಗೆ ಸುತ್ತುಕೋನದ ದುಪ್ಪಟ್ಟಿನ ಸೈನ್‌ಗೆ ಅನುಪಾತದಲ್ಲಿರುತ್ತದೆ. ಹಾಗಾಗಿ ಅದು ಅಕ್ಷದ ಮೇಲೆ, ಎರಡು ಮುಖ್ಯ ಸಮತಲಗಳಲ್ಲಿ ಸೊನ್ನೆಯಾಗಿ, 45 ಡಿಗ್ರಿ ಸಮತಲಗಳಲ್ಲಿ ನಾಲ್ಕು ಲೋಬ್ ಆಗಿ ಏಳುತ್ತದೆ. ನೀವು ನೋಡಿರುವ ಚಿತ್ರವೇ ಅದು.

ಎಫ್‌ಎಸ್‌ಎಸ್ ರೇಡೋಮ್‌ನಲ್ಲಿ ಆಂಪ್ಲಿಟ್ಯೂಡ್ ಕರ್ವ್ ಚೆನ್ನಾಗಿ ಕಂಡಿತು ಅಂತ ಮುಂದೆ ಹೋಗುವುದೇ ಎಡವುವ ಜಾಗ. ಮೊದಲು ನೋಡಬೇಕಾದ್ದು 65–80 ಡಿಗ್ರಿ ನಡುವೆ ಟಿಇ, ಟಿಎಂ ಫೇಸ್‌ಗಳು ಎಷ್ಟು ಹತ್ತಿರ ಇವೆ ಅನ್ನುವುದು. ಆಪ್ಟಿಮೈಸೇಷನ್‌ನ ಗುರಿಯಲ್ಲಿ ಅದನ್ನೇ ಸೇರಿಸಿ: |(ಟಿಇ + ಟಿಎಂ) ÷ 2| ಇಡೀ ಬ್ಯಾಂಡ್‌ನಲ್ಲಿ, 67ರಿಂದ 79 ಡಿಗ್ರಿಗೆ. ಪಿರಿಯಡ್ ಅನ್ನು 5.5 ಮಿ.ಮೀ ಕಡೆಗೆ ಇಳಿಸಿ, ಲೂಪ್‌ಗಳು ಒತ್ತೊತ್ತಾಗಿ ಕೂರಲಿ. ಬ್ಯಾಂಡ್ ಅಗಲವಾಗುತ್ತದೆ, ಫೇಸ್‌ನ ಇಳಿಜಾರು ಕಡಿಮೆಯಾಗುತ್ತದೆ, ಫ್ರೀಕ್ವೆನ್ಸಿ ಸ್ವಲ್ಪ ಸರಿದರೂ ಟಿಇ ಫೇಸ್ ಓಡಿಹೋಗುವುದಿಲ್ಲ. ಸ್ಕಿನ್ ದಪ್ಪವನ್ನೂ ವೇರಿಯಬಲ್ ಮಾಡಿ.

0 ಡಿಗ್ರಿಯ 180 ಅಂತರ ಮೋಡ್ ದಿಕ್ಕಿನ ಸಮಸ್ಯೆ. ಎದುರು ಬದುರು ಇರುವ ಎರಡು ಫ್ಲೋಕೆ ಪೋರ್ಟ್‌ಗಳಲ್ಲಿ (ಯೂನಿಟ್ ಸೆಲ್‌ಗೆ ಅಲೆ ಒಳಬರುವ, ಹೊರಹೋಗುವ ಮುಖಗಳು) ಟಿಎಂ ಮೋಡ್‌ನ ಇ-ಫೀಲ್ಡ್ ಬಾಣ ತಿರುಗುಮುರುಗಾಗಿರುತ್ತದೆ. ಚೌಕ ಸಿಮೆಟ್ರಿಯ ಸೆಲ್‌ಗೆ 0 ಡಿಗ್ರಿಯಲ್ಲಿ ಎರಡೂ ಒಂದೇ ಇರಲೇಬೇಕು. ನೀವು ತಿದ್ದಿದ್ದು ಸರಿ, ಆದರೆ ಕೋಡ್ ಒಳಗೂ ಆ ಚಿಹ್ನೆ ಸರಿಯಾಗಿ ಹೋಗಿದೆಯಾ ಅಂತ ನೋಡಿಕೊಳ್ಳಿ.

ಕಿರಣ_ಮತ್ತು_ಕರೆಂಟ್

ಸ್ಥಳೀಯ ಸಮತಲದ ಲೆಕ್ಕವನ್ನೇ ಮುಂದುವರಿಸುವುದಾದರೆ ರೇ ಟ್ರೇಸಿಂಗ್ ಬಿಟ್ಟು ಸರ್ಫೇಸ್ ಇಂಟಿಗ್ರೇಷನ್‌ಗೆ ಬನ್ನಿ. ಹಂತಗಳು ಹೀಗೆ.

ರೇಡೋಮ್‌ನ ಒಳ ಮೈಯನ್ನು ಕಾಲು ತರಂಗಾಂತರದ, ಅಂದರೆ 7.5 ಮಿ.ಮೀ ತ್ರಿಕೋನಗಳಾಗಿ ಒಡೆಯಿರಿ. ನಿಮ್ಮ ಓಜೈವ್‌ನ ಮೈ 0.214 ಚದರ ಮೀಟರ್, ಹತ್ತಿರ ಹತ್ತಿರ 8,800 ತ್ರಿಕೋನ ಬರುತ್ತವೆ. ಪ್ರತಿ ತ್ರಿಕೋನದ ನಡುವಿನಲ್ಲಿ ಆಂಟೆನಾದ ಇ ಮತ್ತು ಎಚ್ ಫೀಲ್ಡ್ ಎರಡನ್ನೂ ಅಪರ್ಚರ್ ಕರೆಂಟ್‌ಗಳಿಂದ ಕೂಡಿಸಿ ತೆಗೆಯಿರಿ. ಆಂಟೆನಾದ ಫಾರ್-ಫೀಲ್ಡ್ ಪ್ಯಾಟರ್ನ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 150 ಮಿ.ಮೀ ಆಂಟೆನಾಗೆ ಫಾರ್-ಫೀಲ್ಡ್ ಶುರುವಾಗುವುದೇ 1500 ಮಿ.ಮೀ ಆಚೆ, ಗೋಡೆ ಇರುವುದು 500 ಮಿ.ಮೀ ಒಳಗೆ.

ಆ ಇ, ಎಚ್‌ಗಳಿಂದ ಶಕ್ತಿ ಹರಿಯುವ ದಿಕ್ಕು ತೆಗೆದರೆ ಅದೇ ಸ್ಥಳೀಯ ಕಿರಣ. ಗೋಡೆಯ ನಾರ್ಮಲ್ ಜೊತೆ ಅದರ ಕೋನ ಪತನ ಕೋನ. ಇನ್ನೊಂದು ಕೋನವೂ ಬೇಕು: ಪತನ ಸಮತಲ ಎಫ್‌ಎಸ್‌ಎಸ್ ಜಾಲದ ಸಾಲುಗಳಿಗೆ ಎಷ್ಟು ಓರೆಯಾಗಿದೆ ಅನ್ನುವುದು. ಬಹಳ ಕೋಡ್‌ಗಳಲ್ಲಿ ಇದು ಬಿಟ್ಟುಹೋಗಿರುತ್ತದೆ. 75 ಡಿಗ್ರಿಯಲ್ಲಿ ಚೌಕ ಲೂಪ್ ಕೂಡ 0 ಮತ್ತು 45 ಡಿಗ್ರಿ ಸಮತಲಗಳಲ್ಲಿ ಒಂದೇ ರೀತಿ ವರ್ತಿಸುವುದಿಲ್ಲ. ನಡುವಿನ ಸಮತಲಗಳಲ್ಲಿ ಟಿಇ ಒಳಗೆ ಹೋಗಿ ಟಿಎಂ ಹೊರಬರುವ ಪಾಲೂ ಇರುತ್ತದೆ. ಆದ್ದರಿಂದ ಟೇಬಲ್‌ನಲ್ಲಿ ಇಡಬೇಕಾದ್ದು ನಾಲ್ಕೂ ಪದಗಳ 2×2 ಮ್ಯಾಟ್ರಿಕ್ಸ್. 0–60 ಡಿಗ್ರಿಗೆ 10ರ ಹೆಜ್ಜೆ, 60–85ಕ್ಕೆ 2.5ರ ಹೆಜ್ಜೆ, ಜಾಲದ ಕೋನಕ್ಕೆ 0, 15, 30, 45. ಇಂಟರ್‌ಪೊಲೇಷನ್ ರಿಯಲ್ ಮತ್ತು ಇಮ್ಯಾಜಿನರಿ ಭಾಗಗಳ ಮೇಲೆ ಮಾಡಿ. ಫೇಸ್ ಮೇಲೆ ಮಾಡಿದರೆ 180 ದಾಟುವ ಜಾಗದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ.

ಫೀಲ್ಡ್ ಅನ್ನು ಟಿಇ, ಟಿಎಂ ಆಗಿ ಬಿಡಿಸಿ, ಮ್ಯಾಟ್ರಿಕ್ಸ್‌ನಿಂದ ಗುಣಿಸಿ, ಹೊರ ಮೈಯ ಮೇಲಿನ ಇ, ಎಚ್ ಕಟ್ಟಿ, ಎಲೆಕ್ಟ್ರಿಕ್ ಮತ್ತು ಮ್ಯಾಗ್ನೆಟಿಕ್ ಕರೆಂಟ್ ಎರಡನ್ನೂ ಇಟ್ಟು ದೂರಕ್ಕೆ ರೇಡಿಯೇಟ್ ಮಾಡಿ. ಪ್ರತಿಫಲನವನ್ನು ಬಿಡಬೇಡಿ. ಒಂದು ಗೋಡೆಯಿಂದ ಮರಳಿದ ಅಲೆ ಎದುರು ಗೋಡೆ ದಾಟಿ ಹೋಗಿ ಫ್ಲ್ಯಾಶ್ ಲೋಬ್ ಆಗುತ್ತದೆ. ಟಿಇ ಪ್ರತಿಫಲನ ದೊಡ್ಡದಿರುವ ನಿಮ್ಮಂಥ ಗೋಡೆಯಲ್ಲಿ ಅದು ಸೈಡ್ ಲೋಬ್‌ಗಿಂತ ಎತ್ತರ ಏಳಬಹುದು. ಒಂದು ಬೌನ್ಸ್ ಹಿಡಿದರೆ ಸಾಕು.

ಫೇಸ್ ರೆಫರೆನ್ಸ್ ಬಗ್ಗೆ ಒಂದು ಎಚ್ಚರಿಕೆ. ಯೂನಿಟ್ ಸೆಲ್‌ನ ಎರಡೂ ಪೋರ್ಟ್‌ಗಳನ್ನು ಗೋಡೆಯ ಮೈಗಳವರೆಗೆ ಡಿ-ಎಂಬೆಡ್ ಮಾಡಿ (ಅಂದರೆ ಫೇಸ್ ಎಣಿಸುವ ಜಾಗವನ್ನು ಅಲ್ಲಿಗೆ ಸರಿಸಿ). ರೇಡೋಮ್ ಇಲ್ಲದ ಸ್ಥಿತಿಗೆ ಹೋಲಿಸುವಾಗ ಕಳೆಯಬೇಕಾದ ಗಾಳಿಯ ಫೇಸ್, ದಪ್ಪದ ಜೊತೆ ಕೋನದ ಕಾಸ್ ಅನ್ನೂ ಗುಣಿಸಿದ್ದು. 5.8 ಮಿ.ಮೀ ಗೋಡೆಗೆ 75 ಡಿಗ್ರಿಯಲ್ಲಿ ಅದು 18 ಡಿಗ್ರಿ. ಕಾಸ್ ಮರೆತರೆ 70 ಡಿಗ್ರಿ ಕಳೆದಂತಾಗುತ್ತದೆ. ಈ ತಪ್ಪು ಎಲ್ಲ ಕಡೆ ಒಂದೇ ಇದ್ದಿದ್ದರೆ ತೊಂದರೆ ಇರಲಿಲ್ಲ. ಅದು ಕೋನದ ಜೊತೆ ಬದಲಾಗುತ್ತದೆ, ಹಾಗಾಗಿ ನೇರ ಬೋರ್‌ಸೈಟ್ ಎರರ್‌ಗೆ (ಬೀಮ್ ನೋಡುವ ದಿಕ್ಕು ತಪ್ಪುವುದು) ಹೋಗಿ ಸೇರುತ್ತದೆ. 150 ಮಿ.ಮೀ ಅಪರ್ಚರ್‌ನ ಈ ಅಂಚಿನಿಂದ ಆ ಅಂಚಿಗೆ ಬರೀ 10 ಡಿಗ್ರಿ ಫೇಸ್ ಇಳಿಜಾರು ಬಂದರೂ ಬೀಮ್ 5.6 ಮಿಲಿರೇಡಿಯನ್ ತಿರುಗುತ್ತದೆ.

ಕೋಡ್ ನಂಬುವ ಮುಂಚೆ ಎರಡು ತಾಳೆ ಹಾಕಿ. ಮೊದಲನೆಯದು: ಗೋಡೆಯ ಜಾಗದಲ್ಲಿ ಅಷ್ಟೇ ದಪ್ಪದ ಗಾಳಿ ಇಟ್ಟು ಓಡಿಸಿ. ಆಂಟೆನಾದ ಸ್ವಂತ ಪ್ಯಾಟರ್ನ್ ಮುಖ್ಯ ಬೀಮ್‌ನಲ್ಲಿ 0.1 ಡಿಬಿ ಒಳಗೆ ವಾಪಸ್ ಬರಬೇಕು. ಬರದಿದ್ದರೆ ಮೆಶ್ ಅಥವಾ ಕರೆಂಟ್ ಚಿಹ್ನೆ ತಪ್ಪಿದೆ. ಎರಡನೆಯದು: ಎಫ್‌ಎಸ್‌ಎಸ್ ತೆಗೆದು ಬರೀ ಲ್ಯಾಮಿನೇಟ್ ಇಟ್ಟು, ಅದೇ ಆಕಾರವನ್ನು ಫುಲ್-ವೇವ್‌ನಲ್ಲಿ ಓಡಿಸಿ ಹೋಲಿಸಿ. ಎಫ್‌ಎಸ್‌ಎಸ್ ಇಲ್ಲದ ಓಜೈವ್ ಅಕ್ಷದ ಸುತ್ತ ಒಂದೇ ಸಮ ಇರುವುದರಿಂದ ಬಾಡಿ ಆಫ್ ರೆವಲ್ಯೂಷನ್ (ಅಕ್ಷದ ಸುತ್ತ ತಿರುಗಿಸಿದ ಆಕಾರ) ಸಾಲ್ವರ್‌ನಲ್ಲಿ ಬೇಗ ಮುಗಿಯುತ್ತದೆ.

ಈ ಲೆಕ್ಕ ಸೋಲುವ ಜಾಗ ಮೂಗಿನ ತುದಿ. ತುದಿಯಿಂದ 60 ಮಿ.ಮೀ ಹಿಂದೆ ಓಜೈವ್‌ನ ತ್ರಿಜ್ಯ 23 ಮಿ.ಮೀ ಅಷ್ಟೇ, ಒಂದು ತರಂಗಾಂತರವೂ ಇಲ್ಲ. ಸುತ್ತಳತೆಯಲ್ಲಿ 8 ಮಿ.ಮೀ ಸೆಲ್ 18 ಹಿಡಿಯುತ್ತವೆ. 30 ಮಿ.ಮೀ ಹಿಂದೆ ಬರೀ 9. ಅನಂತ ಸಮತಲ ಜಾಲ ಅನ್ನುವ ಊಹೆಗೆ ಅಲ್ಲಿ ಅರ್ಥವೇ ಇಲ್ಲ.

ಮೊಮೆಂಟ್_ಮ್ಯಾಟ್ರಿಕ್ಸ್

ಫುಲ್-ವೇವ್ ಬೇಕಾ ಅನ್ನುವ ಪ್ರಶ್ನೆಗೆ ಮೊದಲು ಗಾತ್ರ ನೋಡೋಣ. 0.214 ಚದರ ಮೀಟರ್‌ನಲ್ಲಿ 8 ಮಿ.ಮೀ ಸೆಲ್‌ಗಳು 3,350. ಸೆಲ್ ಒಂದಕ್ಕೆ 200 ಆರ್‌ಡಬ್ಲ್ಯೂಜಿ ಅನ್‌ನೋನ್ (ತ್ರಿಕೋನ ಮೆಶ್ ಮೇಲಿನ ಕರೆಂಟ್‌ಗಳ ಅಜ್ಞಾತ ಸಂಖ್ಯೆಗಳು) ಅಂದರೆ ಒಂದು ಲೋಹದ ಪದರಕ್ಕೇ 6.7 ಲಕ್ಷ. ಮ್ಯಾಟ್ರಿಕ್ಸ್ ಅನ್ನು ಪೂರ್ತಿ ಇಟ್ಟುಕೊಂಡರೆ ಸಿಂಗಲ್ ಪ್ರಿಸಿಷನ್‌ನಲ್ಲೂ 3.6 ಟೆರಾಬೈಟ್. ಎರಡು ಪದರ, ಡೈಎಲೆಕ್ಟ್ರಿಕ್ ಮೈಗಳು, ಆಂಟೆನಾ ಇನ್ನೂ ಸೇರಿಲ್ಲ.

ಎಂಎಲ್‌ಎಫ್‌ಎಂಎ (ದೂರದ ಸಂಬಂಧಗಳನ್ನು ಗುಂಪುಗುಂಪಾಗಿ ಲೆಕ್ಕ ಹಾಕುವ ವೇಗದ ವಿಧಾನ) ಮೆಮೊರಿಯನ್ನು ಇಳಿಸುತ್ತದೆ. ಕಾಲು ತರಂಗಾಂತರದ ಕೊನೆಯ ಪೆಟ್ಟಿಗೆಯಲ್ಲಿ ಹೆಚ್ಚುಕಡಿಮೆ ಒಂದು ಸೆಲ್ ಕೂರುತ್ತದೆ, ಪಕ್ಕದ ಎಂಟೂ ಸೇರಿ ಸುಮಾರು 1,800 ಅನ್‌ನೋನ್ ಜೊತೆ ಹತ್ತಿರದ ಸಂಬಂಧ. ನಿಯರ್ ಮ್ಯಾಟ್ರಿಕ್ಸ್ 10 ಗಿಗಾಬೈಟ್‌ನ ಸುತ್ತ. ಮೆಮೊರಿ ಸಾಕು, ಪೇಚಿರುವುದು ಕನ್ವರ್ಜೆನ್ಸ್‌ನಲ್ಲಿ. 0.3 ಮಿ.ಮೀ ಸ್ಲಾಟ್‌ಗೆ ಮಾಡಿದ ಮೆಶ್ ತರಂಗಾಂತರದ ನೂರನೇ ಒಂದು ಪಾಲಿಗಿಂತ ಸಣ್ಣದು. ಅದರ ಮೇಲೆ ಪ್ರತಿ ಸೆಲ್ಲೂ ರೆಸೊನೆಂಟ್. ಇಟರೇಷನ್ ಸಾವಿರ ದಾಟಿದರೂ ರೆಸಿಡ್ಯುಯಲ್ ಇಳಿಯದೆ ನಿಲ್ಲುವುದು ಇಂಥ ಸಮಸ್ಯೆಯಲ್ಲಿ ಸಾಮಾನ್ಯ. ಸೆಲ್-ಬ್ಲಾಕ್ ಪ್ರೀಕಂಡಿಷನರ್ (ಇಟರೇಷನ್ ಬೇಗ ಮುಗಿಯಲು ಮಾಡುವ ಸಿದ್ಧತೆ) ಇಲ್ಲದೆ ಶುರು ಮಾಡಲೇಬೇಡಿ.

ಈ ಸಮಸ್ಯೆಗೆ ಸರಿಹೊಂದುವುದು ಕ್ಯಾರಕ್ಟರಿಸ್ಟಿಕ್ ಬೇಸಿಸ್ ಫಂಕ್ಷನ್ ವಿಧಾನ, ಪ್ರಕಾಶ್ ಮತ್ತು ಮಿತ್ರ 2003ರಲ್ಲಿ ಮುಂದಿಟ್ಟಿದ್ದು. ಒಂದು ಸೆಲ್ ಅನ್ನು ಅಕ್ಕಪಕ್ಕದ ಸೆಲ್‌ಗಳ ಸ್ವಲ್ಪ ಭಾಗದ ಜೊತೆ ತೆಗೆದುಕೊಂಡು, ಬೇರೆ ಬೇರೆ ಕೋನದ ಸಮತಲ ಅಲೆಗಳಿಂದ ಪ್ರಚೋದಿಸಿ, ಬಂದ ಕರೆಂಟ್‌ಗಳನ್ನು ಎಸ್‌ವಿಡಿ (ಮುಖ್ಯ ಘಟಕಗಳನ್ನು ಬೇರ್ಪಡಿಸುವ ಲೆಕ್ಕ) ಮಾಡಿ ಮುಖ್ಯವಾದ ಏಳೆಂಟನ್ನು ಉಳಿಸಿಕೊಳ್ಳುವುದು. 200 ಅನ್‌ನೋನ್ ಜಾಗದಲ್ಲಿ 8. ಆಗ ಪದರವೊಂದಕ್ಕೆ 26,800 ಅನ್‌ನೋನ್, ಮ್ಯಾಟ್ರಿಕ್ಸ್ 5.7 ಗಿಗಾಬೈಟ್. ನೇರವಾಗಿ ಎಲ್‌ಯು (ಮ್ಯಾಟ್ರಿಕ್ಸ್ ಅನ್ನು ಎರಡು ತ್ರಿಕೋನ ಮ್ಯಾಟ್ರಿಕ್ಸ್‌ಗಳಾಗಿ ಒಡೆಯುವುದು) ಹಾಕಿ ಬಿಡಿಸಬಹುದು, ಇಟರೇಷನ್ ಕಾಟವೇ ಇಲ್ಲ, ಆಂಟೆನಾದ ಎಲ್ಲ ನೋಟದ ಕೋನಗಳಿಗೂ ಅದೇ ಎಲ್‌ಯು. ಪ್ರಚೋದನೆಯ ಕೋನಗಳನ್ನು ಆರಿಸುವಾಗ 80 ಡಿಗ್ರಿವರೆಗಿನವನ್ನೂ ಸೇರಿಸಿ. ನಿಮ್ಮ ಗೋಡೆ ಕಾಣುವುದೇ ಅಂಥ ಓರೆ ಕೋನಗಳನ್ನು. ಡೈಎಲೆಕ್ಟ್ರಿಕ್ ದಪ್ಪವಾಗಿ ಪದರ ಹೆಚ್ಚಾದರೆ ಫೈನೈಟ್ ಎಲಿಮೆಂಟ್–ಬೌಂಡರಿ ಇಂಟಿಗ್ರಲ್ ಜೊತೆ ಡೊಮೈನ್ ಡಿಕಾಂಪೊಸಿಷನ್ ಮೇಲು. ಒಂದೇ ತರದ ಸೆಲ್‌ಗಳ ಲೆಕ್ಕವನ್ನು ಅಲ್ಲಿ ಮರುಬಳಕೆ ಮಾಡಬಹುದು.

ಇನ್ನೊಂದು ನಡುದಾರಿ ಇದೆ, ಮೊದಲು ಅದನ್ನೇ ನೋಡಿ: ಎಫ್‌ಎಸ್‌ಎಸ್ ಜಾಗದಲ್ಲಿ ನಯವಾದ ಅಡ್ಮಿಟೆನ್ಸ್ ಶೀಟ್ (ಜಾಲದ ವಿವರ ಬಿಟ್ಟು ಅದರ ಸರಾಸರಿ ಗುಣವನ್ನಷ್ಟೇ ಇಟ್ಟ ಹಾಳೆ) ಇಡುವುದು. ಅದು ನಿಮ್ಮ ಸೆಲ್‌ಗೆ ಒಪ್ಪುತ್ತದಾ ಅಂತ ಹೀಗೆ ಪರೀಕ್ಷಿಸಿ. ಎಫ್‌ಎಸ್‌ಎಸ್‌ನ ಎರಡೂ ಬದಿ 3.2ರ ಡೈಎಲೆಕ್ಟ್ರಿಕ್ ಅನ್ನು ಪೋರ್ಟ್‌ವರೆಗೂ ತುಂಬಿಸಿ, ಶೀಟ್‌ನ ಸಮತಲಕ್ಕೆ ಡಿ-ಎಂಬೆಡ್ ಮಾಡಿದ ಟ್ರಾನ್ಸ್‌ಮಿಷನ್‌ನಿಂದ ಅಡ್ಮಿಟೆನ್ಸ್ = 2 × (1 ÷ ಟ್ರಾನ್ಸ್‌ಮಿಷನ್ − 1) ÷ ಆ ಕೋನದ ಅಲೆ ಇಂಪಿಡೆನ್ಸ್ ತೆಗೆಯಿರಿ. ಡೈಎಲೆಕ್ಟ್ರಿಕ್ ಒಳಗಿನ ಕೋನ 34 ಡಿಗ್ರಿ ದಾಟುವುದಿಲ್ಲ, ಹಾಗಾಗಿ 0, 20, 33ಕ್ಕೆ ಟಿಇ, ಟಿಎಂ ಎರಡನ್ನೂ ಒಂದೇ ಗ್ರಾಫ್‌ನಲ್ಲಿ ಹಾಕಿ. ಆರೂ ಗೆರೆ ಒಂದರ ಮೇಲೊಂದು ಕೂತರೆ ಶೀಟ್ ಮಾದರಿ ನಂಬಬಹುದು, ಇಡೀ ರೇಡೋಮ್ ಮತ್ತೆ ಬಾಡಿ ಆಫ್ ರೆವಲ್ಯೂಷನ್ ಆಗುತ್ತದೆ. ಬಿಡಿಬಿಡಿಯಾಗಿ ಚೆದುರಿದರೆ ಆ ದಾರಿ ಬಿಡಿ. ಪಿರಿಯಡ್ 5.5ಕ್ಕೆ ಇಳಿಸಿದರೆ ಕೂರುವ ಸಾಧ್ಯತೆ ಜಾಸ್ತಿ.

ಒಂದು ತಪ್ಪನ್ನು ಮಾತ್ರ ಯಾರೂ ಮಾಡಬಾರದು: ಗಾಳಿಯಲ್ಲಿ ಎಫ್‌ಎಸ್‌ಎಸ್ ಬೇರೆ, ಸ್ಕಿನ್ ಬೇರೆ ಲೆಕ್ಕ ಹಾಕಿ ಒಂದೇ ಮೋಡ್‌ನ ಮ್ಯಾಟ್ರಿಕ್ಸ್‌ಗಳನ್ನು ಪೋಣಿಸುವುದು. 8 ಮಿ.ಮೀ ಪಿರಿಯಡ್‌ಗೆ 75 ಡಿಗ್ರಿಯಲ್ಲಿ ಮೊದಲ ಇವಾನೆಸೆಂಟ್ ಫ್ಲೋಕೆ ಮೋಡ್ (ಮುಂದೆ ಹರಿಯದೆ ದೂರದ ಜೊತೆ ಕುಗ್ಗುವ ಅಲೆ) ಲ್ಯಾಮಿನೇಟ್ ಒಳಗೆ ಮಿ.ಮೀ.ಗೆ 3.9 ಡಿಬಿಯಷ್ಟೇ ಕುಗ್ಗುತ್ತದೆ. 0.8 ಮಿ.ಮೀ ಸ್ಕಿನ್ ದಾಟುವಾಗ ಬರೀ 3 ಡಿಬಿ. ಅಂದರೆ ಸ್ಲಾಟ್‌ನ ಹತ್ತಿರದ ಫೀಲ್ಡ್ ಸ್ಕಿನ್‌ನ ಹೊರಮೈಯನ್ನು, ಅದರ ಮೇಲಿನ ಪೇಂಟನ್ನು ಸ್ಪಷ್ಟವಾಗಿ ಕಾಣುತ್ತದೆ, ರೆಸೊನೆನ್ಸ್ ಅದರಿಂದಲೇ ನಿರ್ಧಾರವಾಗುತ್ತದೆ. ಎರಡು ಎಫ್‌ಎಸ್‌ಎಸ್ ನಡುವಿನ 4.2 ಮಿ.ಮೀ.ನಲ್ಲೂ ಕುಗ್ಗುವುದು 16 ಡಿಬಿ, ಫೀಲ್ಡ್‌ನಲ್ಲಿ ಆರನೇ ಒಂದು ಪಾಲು ಉಳಿಯುತ್ತದೆ. ಪೂರ್ತಿ ಗೋಡೆಯನ್ನು ಒಂದೇ ಯೂನಿಟ್ ಸೆಲ್ ಆಗಿ ಓಡಿಸಿ, ಇಲ್ಲವೇ ಹೈಯರ್ ಮೋಡ್‌ಗಳನ್ನೂ ಹೊತ್ತ ಜನರಲೈಸ್ಡ್ ಸ್ಕ್ಯಾಟರಿಂಗ್ ಮ್ಯಾಟ್ರಿಕ್ಸ್ ಬಳಸಿ. ಪೋರ್ಟ್ ದೂರಕ್ಕೆ ಚಿಂತೆ ಇಲ್ಲ. ಗಾಳಿಯಲ್ಲಿ ಅದೇ ಮೋಡ್ ಮಿ.ಮೀ.ಗೆ 4.7 ಡಿಬಿ ಕುಗ್ಗುತ್ತದೆ, 15 ಮಿ.ಮೀ ದೂರ ಇಟ್ಟರೆ 70 ಡಿಬಿ.

ನಿಮ್ಮ ಸಮಸ್ಯೆಗೆ ನನ್ನ ಸಲಹೆ: ತುದಿಯ 90 ಮಿ.ಮೀ ಮತ್ತು ಆಂಟೆನಾ ಫುಲ್-ವೇವ್‌ನಲ್ಲಿ, ಉಳಿದ ಗೋಡೆ ಮೇಲಿನ ಉತ್ತರದ ಸರ್ಫೇಸ್ ಇಂಟಿಗ್ರೇಷನ್‌ನಲ್ಲಿ. ಇಡೀ ರೇಡೋಮ್‌ನ ಬೇಸಿಸ್ ಫಂಕ್ಷನ್ ಲೆಕ್ಕವನ್ನು ಕೊನೆಯ ವಿನ್ಯಾಸಕ್ಕೆ, ಬ್ಯಾಂಡ್‌ನ ಮೂರು ಫ್ರೀಕ್ವೆನ್ಸಿಗೆ ಮಾಡಿದರೆ ಸಾಕು.

ಲೇಅಪ್

150 ಮೆಗಾಹರ್ಟ್ಸ್ ಸರಿದದ್ದಕ್ಕೆ ಯಾವ ಸಾಲ್ವರ್ ಬದಲಿಸಿದರೂ ಉತ್ತರ ಸಿಗುವುದಿಲ್ಲ, ಅದು ವಸ್ತುವಿನಲ್ಲಿದೆ. ಕಾನ್‌ಸ್ಟಂಟ್ 3.2 ಬದಲು 3.3 ಆದರೆ, ಲೋಹ ಪೂರ್ತಿ ಮುಳುಗಿದ್ದಾಗ ಫ್ರೀಕ್ವೆನ್ಸಿ 1.5 ಪರ್ಸೆಂಟ್ ಇಳಿಯುತ್ತದೆ, 10 ಗಿಗಾಹರ್ಟ್ಸ್‌ಗೆ 150 ಮೆಗಾಹರ್ಟ್ಸ್. ಪ್ರಿಪ್ರೆಗ್‌ನ (ಮೊದಲೇ ರೆಸಿನ್ ತುಂಬಿದ ನೂಲಿನ ಹಾಳೆ) ರೆಸಿನ್ ಪ್ರಮಾಣ, ಕ್ಯೂರ್ ಒತ್ತಡ ಬದಲಾದರೆ ಇಷ್ಟು ವ್ಯತ್ಯಾಸ ಸಹಜ. ಡೇಟಾಶೀಟ್ ಅಂಕಿ ಬಿಟ್ಟು, ಅದೇ ಬ್ಯಾಚ್‌ನಿಂದ ಅದೇ ಕ್ಯೂರ್‌ನಲ್ಲಿ ಮಾಡಿದ ತುಂಡಿನ ಅಳತೆ ತೆಗೆದುಕೊಳ್ಳಿ. ಪೇಂಟ್ ಮತ್ತು ರೇನ್ ಎರೋಷನ್ ಕೋಟಿಂಗ್ ಮಾದರಿಯಲ್ಲಿ ಇವೆಯಾ? ನಿಮ್ಮ ಸ್ಕಿನ್ ತೆಳುವಾದ್ದರಿಂದ 0.2 ಮಿ.ಮೀ ಕೋಟಿಂಗ್ ಕೂಡ ಫ್ರೀಕ್ವೆನ್ಸಿಯನ್ನು ಕೆಳಕ್ಕೆಳೆಯುತ್ತದೆ.

ಎರಡನೆಯದು ಜಾಲವನ್ನು ಓಜೈವ್ ಮೇಲೆ ಕೂರಿಸುವುದು. ಎರಡೂ ದಿಕ್ಕಿನಲ್ಲಿ ಬಾಗಿದ ಮೈ ಮೇಲೆ ಚಪ್ಪಟೆ ಫಿಲ್ಮ್ ಸುಕ್ಕಿಲ್ಲದೆ ಕೂರುವುದಿಲ್ಲ. ಎಸಳು ಎಸಳಾಗಿ ಕತ್ತರಿಸಿ ಅಂಟಿಸಿದರೆ ಕೂಡುಗೆರೆಗಳಲ್ಲಿ ಸೆಲ್ ಅರ್ಧಕ್ಕೆ ತುಂಡಾಗುತ್ತದೆ. ಹಿಗ್ಗಿಸಿ ಕೂರಿಸಿದರೆ 2 ಪರ್ಸೆಂಟ್ ಹಿಗ್ಗಿದ ಕಡೆ ಲೂಪ್ ಕೂಡ ಅಷ್ಟೇ ದೊಡ್ಡದಾಗಿ ಫ್ರೀಕ್ವೆನ್ಸಿ ಹತ್ತಿರ ಹತ್ತಿರ 2 ಪರ್ಸೆಂಟ್ ಇಳಿಯುತ್ತದೆ. ಬುಡದಲ್ಲಿ ಸುತ್ತಳತೆಗೆ 78 ಸೆಲ್, ತುದಿ ಕಡೆ ಹೋದಂತೆ ಒಂದೊಂದೇ ಸಾಲು ಬಿಟ್ಟುಹೋಗಲೇಬೇಕು. ಹಾಗೆ ಬಿಟ್ಟುಹೋದ ಜಾಗಗಳೆಲ್ಲ ಒಂದೇ ಗೆರೆಯಲ್ಲಿ ಬಂದರೆ ಆ ಬದಿಯ ಫೇಸ್ ಬೇರೆಯಾಗಿ ಬೋರ್‌ಸೈಟ್ ಎರರ್ ಬರುತ್ತದೆ, ಸುತ್ತಲೂ ಹಂಚಿ. ಲೆಕ್ಕದಲ್ಲಿ ತರಲು ಸುಲಭ ದಾರಿ: ಸೆಲ್ ಅನ್ನು ಲೂಪ್ ಸಮೇತ 2 ಪರ್ಸೆಂಟ್ ಕುಗ್ಗಿಸಿ, ಹಾಗೇ ಇಟ್ಟು, 2 ಪರ್ಸೆಂಟ್ ಹಿಗ್ಗಿಸಿ ಮೂರು ಟೇಬಲ್ ಮಾಡಿ, ಪ್ರತಿ ತ್ರಿಕೋನಕ್ಕೆ ಅಲ್ಲಿನ ಹಿಗ್ಗುವಿಕೆ ನೋಡಿ ಇಂಟರ್‌ಪೊಲೇಟ್ ಮಾಡುವುದು.

ಲೋಹದ ಬಗ್ಗೆ: 10 ಗಿಗಾಹರ್ಟ್ಸ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್ 0.66 ಮೈಕ್ರಾನ್, 18 ಮೈಕ್ರಾನ್ ಧಾರಾಳ. ತಾಮ್ರದ ಬದಲು ವಾಹಕ ಇಂಕ್ ಬಳಸಿದರೆ, ಅದರ ಕಂಡಕ್ಟಿವಿಟಿ ಹತ್ತನೇ ಒಂದು ಪಾಲು ಅಂತಾದರೆ, ಸರ್ಫೇಸ್ ರೆಸಿಸ್ಟೆನ್ಸ್ 3.2 ಪಟ್ಟು ಆಗುತ್ತದೆ. ಟಿಇ ಲಾಸ್ ಅದನ್ನು ಮೊದಲು ತೋರಿಸುತ್ತದೆ.

ಜಾಲಕೋಶ

ಎಲ್ಲರಿಗೂ ಧನ್ಯವಾದ. ಪೇಂಟ್ ಮಾದರಿಯಲ್ಲಿ ಇರಲಿಲ್ಲ, ಕಾನ್‌ಸ್ಟಂಟ್ ಡೇಟಾಶೀಟ್‌ನದ್ದೇ. ಕೊನೆಯ ಪ್ರಶ್ನೆ: ಹೊಸ ವಿನ್ಯಾಸಕ್ಕೆ ಇಡೀ ಓಜೈವ್ ಮಾಡುವ ಮೊದಲು 75 ಡಿಗ್ರಿಯ ಲೆಕ್ಕವನ್ನು ಚಪ್ಪಟೆ ಪ್ಯಾನೆಲ್ ಮೇಲೆ ಪರೀಕ್ಷಿಸಬಹುದಾ? 300 ಮಿ.ಮೀ ಚೌಕ ಪ್ಯಾನೆಲ್ ಮಾಡಿಸಬಹುದು.

ತರಂಗಮಿತ್ರ

300 ಸಾಲದು. 75 ಡಿಗ್ರಿ ವಾಲಿಸಿದರೆ ಅಲೆಗೆ ಕಾಣುವ ಅಗಲ 78 ಮಿ.ಮೀ, ಎರಡೂವರೆ ತರಂಗಾಂತರ. ನೀವು ಅಳೆಯುವುದು ಅಂಚಿನ ಡಿಫ್ರಾಕ್ಷನ್ ಆಗುತ್ತದೆ. ಕನಿಷ್ಠ 5 ತರಂಗಾಂತರ ಕಾಣಬೇಕು ಅಂದರೆ ವಾಲುವ ದಿಕ್ಕಿನಲ್ಲಿ 580 ಮಿ.ಮೀ ಬೇಕು. 600 × 300 ಮಾಡಿಸಿ, ವಾಲಿಸುವ ಅಕ್ಷ ಪ್ಯಾನೆಲ್‌ನ ಉದ್ದಕ್ಕೆ ಅಡ್ಡವಾಗಿರಲಿ, ಅಬ್ಸಾರ್ಬರ್ ಕಿಟಕಿಯಲ್ಲಿ ಕೂರಿಸಿ, ಲೆನ್ಸ್ ಹಾರ್ನ್ ಮತ್ತು ಟೈಮ್ ಗೇಟಿಂಗ್ (ತಡವಾಗಿ ಬರುವ ಪ್ರತಿಫಲನಗಳನ್ನು ಸಮಯ ನೋಡಿ ತೆಗೆದುಹಾಕುವುದು) ಬಳಸಿ. ಟಿಇ, ಟಿಎಂ ಎರಡರ ಫೇಸ್ ಅನ್ನೂ ಅದೇ ಸೆಟಪ್‌ನಲ್ಲಿ, ಹಾರ್ನ್‌ಗಳನ್ನು 90 ಡಿಗ್ರಿ ತಿರುಗಿಸಿ ತೆಗೆಯಿರಿ. ಪ್ರತಿ ಪೋಲರೈಸೇಷನ್‌ಗೂ ಖಾಲಿ ಕಿಟಕಿಯ ರೆಫರೆನ್ಸ್ ಬೇರೆಯಾಗಿ ಬೇಕು, ಕಳೆಯುವಾಗ ದಪ್ಪ × ಕಾಸ್ ಲೆಕ್ಕ ಇಲ್ಲೂ ಅನ್ವಯಿಸುತ್ತದೆ.

ಎಲಿಮೆಂಟ್‌ನ ರೆಸೊನೆನ್ಸ್ ಮಾತ್ರ ಬೇಗ ನೋಡಬೇಕಿದ್ದರೆ ವೇವ್‌ಗೈಡ್ ಸಿಮ್ಯುಲೇಟರ್ ಇದೆ. 22.86 × 10.16 ಮಿ.ಮೀ ಗೈಡ್ 10 ಗಿಗಾಹರ್ಟ್ಸ್‌ನಲ್ಲಿ 41 ಡಿಗ್ರಿ ಟಿಇ ಪತನಕ್ಕೆ ಸಮ. ಆದರೆ ಅಡ್ಡಕೊಯ್ತದಲ್ಲಿ ಪೂರ್ಣ ಸಂಖ್ಯೆಯ ಸೆಲ್‌ಗಳೇ ಕೂರಬೇಕು. 5.5 ಮಿ.ಮೀ ಸೆಲ್ ಅಗಲದಲ್ಲಿ ನಾಲ್ಕು ಹಿಡಿಸುವಂತೆ 5.7ಕ್ಕೆ, ಎತ್ತರದಲ್ಲಿ ಎರಡು ಹಿಡಿಸುವಂತೆ 5.08ಕ್ಕೆ ಎಳೆಯಬೇಕಾಗುತ್ತದೆ. ಹಾಗೆ ಎಳೆದ ಸೆಲ್ ಅನ್ನೇ ಸಿಮ್ಯುಲೇಟ್ ಮಾಡಿ ಹೋಲಿಸಿ. ರೆಸೊನೆನ್ಸ್ 50 ಮೆಗಾಹರ್ಟ್ಸ್ ಒಳಗೆ ತಾಳೆಯಾದರೆ ಲ್ಯಾಮಿನೇಟ್‌ನ ಕಾನ್‌ಸ್ಟಂಟ್ ಸರಿ ಸಿಕ್ಕಿದೆ ಅಂತ ತಿಳಿದು ದೊಡ್ಡ ಪ್ಯಾನೆಲ್‌ಗೆ ಹೋಗಿ.